ಮಾತು ಮುಗಿಸದ ರಾಜಕುಮಾರಿ

"ಅರಮನೆಯ ಕಂಪ್ಯೂಟರ್ ಕೆಟ್ಟಿದೆ. ಮಹಾರಾಜರ ಮೂರು ಒಗಟು ಬಿಡಿಸಿ ಅದನ್ನು ಸರಿಮಾಡಿದವರಿಗೆ ಕೇಳಿದ್ದು ಸಿಗುವುದು. ತಪ್ಪು ಹೇಳಿದವರ ತಲೆ ಕೋಟೆಬಾಗಿಲಿಗೆ ಏರುವುದು. ಯಾರೂ ಬಿಡಿಸದಿದ್ದರೆ, ಹೊಸ ಭಾಗ ಜೋಡಿಸಿದ ಓಬಳೇಶನಿಗೆ ಅಮಾವಾಸ್ಯೆಯಂದು ಗಲ್ಲು." ಡಂಗುರದವನು ಇಷ್ಟು ಸಾರಿ ಮುಂದಿನ ಬೀದಿಗೆ ಹೋದ.

ಆ ಯಂತ್ರದಲ್ಲಿ ತೀರಿಹೋದ ರಾಜಕುಮಾರಿಯ ಒಂದೇ ಒಂದು ವಿಡಿಯೋ ಇತ್ತು. ಮಗಳ ಮುಖ ಇನ್ನೂ ಚೆನ್ನಾಗಿ ಕಾಣಲೆಂದು ರಾಜ ಹೊಸ ಗ್ರಾಫಿಕ್ಸ್ ಕಾರ್ಡು, ಹೊಸ ಮೆಮೊರಿ ಹಾಕಿಸಿದ. ಅಂದಿನಿಂದ ಅವಳು "ಅಪ್ಪಾಜಿ" ಎನ್ನುತ್ತಿದ್ದಂತೆ ಪರದೆ ಕಪ್ಪಾಗುತ್ತಿತ್ತು. ದುಃಖ ದೊಡ್ಡದೇ, ಇಲ್ಲವೆನ್ನುವುದಿಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡವರೆಲ್ಲ ಊರವರ ತಲೆ ತೆಗೆಸುವುದಿಲ್ಲ.

ಮೊದಲು ಒಬ್ಬ ಪಂಡಿತ ಬಂದ. "ಸುಮ್ಮನಿದ್ದರೆ ದಿನವಿಡೀ ಬದುಕಿರುತ್ತದೆ, ಕೆಲಸ ಹೇಳಿದೊಡನೆ ಸಾಯುತ್ತದೆ. ಏಕೆ?" ಎಂದ ರಾಜ. "ವೈರಸ್ಸು, ಪ್ರಭು." ಅದನ್ನು ಅಳಿಸಿ ನೋಡಿದರು, ಪರದೆ ಮತ್ತೆ ಕಪ್ಪಾಯಿತು. ಸಂಜೆಗೆ ಪಂಡಿತನ ತಲೆ ಬಾಗಿಲಿಗೇರಿತು. ಎರಡನೆಯವನು "ಬಿಸಿ" ಎಂದು ಫ್ಯಾನು ಕೂರಿಸಿದ. ಅವನ ತಲೆಯೂ ಏರಿತು. ಆಮೇಲೆ ಯಾರೂ ಆ ಕಡೆ ಸುಳಿಯಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಓಬಳೇಶನ ತಂಗಿ ಸಣ್ಣೀರಮ್ಮ ಬಂದಳು. ಹಿಟ್ಟಿನ ಗಿರಣಿ ನಡೆಸುವವಳು. ಅಣ್ಣನ ರಿಪೇರಿ ಕೆಲಸಕ್ಕೂ ಕೈಜೋಡಿಸಿ ಗೊತ್ತಿತ್ತು.

ರಾಜ ಅದೇ ಒಗಟು ಕೇಳಿದ.

"ನನ್ನ ಗಿರಣೀನೂ ಬರಿದೇ ತಿರುಗ್ತಿರ್ತದೆ ಬುದ್ಧಿ, ಕಾಳು ಸುರಿದ್ರೆ ನಿಂತೋಯ್ತದೆ. ಕರೆಂಟು ಸಾಲ್ದು. ಹೊಸ ಕಾರ್ಡಿಗೆ ಹಸಿವು ಜಾಸ್ತಿ. ಕರೆಂಟು ಕೊಡೋ ಡಬ್ಬಿ ಹಳೇದು."

ದೊಡ್ಡ ಡಬ್ಬಿ ಹಾಕಿಸಿದರು. ವಿಡಿಯೋ ಸ್ವಲ್ಪ ಹೊತ್ತು ಓಡಿ ನಿಂತಿತು.

"ಇಬ್ಬರು ಗಟ್ಟಿಗರು. ಒಬ್ಬೊಬ್ಬರೇ ಹೊರೆ ಹೊರುತ್ತಾರೆ, ಜೊತೆಯಾದರೆ ಮುಗ್ಗರಿಸುತ್ತಾರೆ. ಯಾರವರು?" ಎಂದು ರಾಜ ಎರಡನೆಯ ಒಗಟು ಕೇಳಿದ.

"ಹಳೇ ಮೆಮೊರಿ, ಹೊಸ ಮೆಮೊರಿ. ಓಡೋ ಎತ್ತನ್ನೂ ನಿಧಾನದ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟವ್ರೆ. ಹಳೇದು ತೆಗೀರಿ."

ತೆಗೆದರು. ಯಂತ್ರ ಒಮ್ಮೆ ನಡೆಯಿತು, ಒಮ್ಮೆ ನಿಂತಿತು. ರಾಜನ ಧ್ವನಿ ಗಡುಸಾಯಿತು. "ಎಲ್ಲವೂ ಹೊಸದು, ಎಲ್ಲವೂ ಸರಿ. ಆದರೂ ನಿಲ್ಲುತ್ತದೆ. ಕೆಡಿಸಿದ ಕೈ ಯಾರದು?"

ಸಭೆಯೆಲ್ಲ ಬೇಡಿ ತೊಟ್ಟ ಓಬಳೇಶನ ಕಡೆ ನೋಡಿತು. ಸಣ್ಣೀರಮ್ಮ ಕಾರ್ಡನ್ನು ಕಿತ್ತು ಬೆಳಕಿಗೆ ಹಿಡಿದಳು. ಯಂತ್ರದೊಳಗೆ ಕೂರುವ ಅದರ ಹಳದಿ ಹಲ್ಲುಗಳಿಗೆ ಕೆಂಪು ಮೆತ್ತಿತ್ತು.

"ಹೊಸ ಕಾರ್ಡಿಗೆ ಪೂಜೆ ಮಾಡಿದ್ದು ಯಾರು ಬುದ್ಧಿ?"

"ನಾನೇ. ನನ್ನ ಕೈಯಾರೆ."

"ಆಯುಧಪೂಜೇಲಿ ಗಿರಣಿಗೂ ಕುಂಕುಮ ಇಡ್ತೀವಿ, ಹೊರಗಡೆಗೆ. ನೀವು ಒಳಗೆ ಹೋಗೋ ಹಲ್ಲಿಗೇ ಇಟ್ಟಿದ್ದೀರಿ. ಕೆಡಿಸಿದ ಕೈ ನಿಮ್ದು."

ಈ ಮಾತಿಗೆ ತಲೆ ಹೋಗಬಹುದೆಂದು ಅವಳಿಗೆ ಗೊತ್ತಿತ್ತು. ಆದರೂ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಲ್ಲುಗಳನ್ನು ಉಜ್ಜಿ, ಕಾರ್ಡನ್ನು ಮತ್ತೆ ಕೂರಿಸಿದಳು.

ರಾಜಕುಮಾರಿ ಪರದೆಯಲ್ಲಿ ನಕ್ಕಳು. "ಅಪ್ಪಾಜಿ, ಸಾಕು, ಅದನ್ನ ಆಫ್ ಮಾಡಿ. ಊಟಕ್ಕೆ ಬನ್ನಿ."

ರಾಜ ಮುಖ ಮುಚ್ಚಿಕೊಂಡು ಅತ್ತ. ಕಣ್ಣೊರೆಸಿಕೊಂಡು, "ಏನು ಬೇಕು ಕೇಳು" ಎಂದ.

"ನಮ್ಮಣ್ಣನ್ನ ಬಿಡಿ. ಬಾಗಿಲ ಮೇಲಿರೋ ಇಬ್ರನ್ನೂ ಇಳಿಸಿ, ಅವ್ರವ್ರ ಮನೆಗೆ ಕಳಿಸಿ."

ಎರಡೂ ಸಿಕ್ಕವು. ಹೊರಗೆ ಬರುವಾಗ ಅವಳು ಕೇಳಿದಳು, "ಕುಂಕುಮ ಇಟ್ಟಿದ್ದು ನೀನು ನೋಡ್ಲಿಲ್ವಾ ಅಣ್ಣ?"

"ನೋಡ್ದೆ. ಡಬ್ಬಿ ಸಾಲ್ದು, ಮೆಮೊರಿ ಹೊಂದಲ್ಲ ಅಂತಾನೂ ಗೊತ್ತಿತ್ತು. ದೊರೆಗೆ ಹೇಳೋಕೆ ಬಾಯಿ ಬರ್ಲಿಲ್ಲ. ಅವತ್ತೇ ಹೇಳಿದ್ರೆ ಅವ್ರಿಬ್ರೂ ಬದುಕಿರೋರು."

ಕೋಟೆಬಾಗಿಲಿಗೆ ಆಳುಗಳು ಏಣಿ ಹಾಕುತ್ತಿದ್ದರು. ಓಬಳೇಶ ಹೋಗಿ ಏಣಿಯ ಬುಡ ಹಿಡಿದು ನಿಂತ.