ಓಗೊಟ್ಟ ಗೌಜಲಹಕ್ಕಿ

ಯಾರು ಕೂಗಿದರೂ ಓಗೊಡದಿದ್ದರೆ ಗೌಜಲಹಕ್ಕಿಗೆ ತಿಂದ ಕಾಳು ಅರಗುವುದಿಲ್ಲ. ಕಾಡಿಗೆ ಈಮೇಲ್ ಬಂದರೂ ಆ ಚಾಳಿ ಹೋಗಲಿಲ್ಲ. ಒಂದು ಬೆಳಿಗ್ಗೆ ಗುರುತು ಪರಿಚಯವಿಲ್ಲದ ನರಿಯೊಂದು ಬರೆಯಿತು: "ನವಣೆ ಪುಕ್ಕಟೆ, ಬೇಗ ಬನ್ನಿ!" ಹಕ್ಕಿ ಕಡ್ಡಿ ಮುರಿದಂತೆ ಉತ್ತರಿಸಿತು: "ಬೇಡ. ಇನ್ನೊಮ್ಮೆ ಕಳಿಸಿದರೆ ಜೋಕೆ!"

ಮರುದಿನ ನರಿಯ ಜೊತೆಗೆ ತೋಳ, ಕಾಡುಬೆಕ್ಕು, ಮುಂಗುಸಿಗಳೂ ಬರೆದವು. ಹಕ್ಕಿ ಒಬ್ಬರನ್ನೂ ಬಿಡದೆ ಬೈದಿತು. ಸಂಜೆಯೊಳಗೆ ಇನ್‌ಬಾಕ್ಸ್ ತುಂಬಿ ತುಳುಕಿತು. "ಹುಲ್ಲಿನಲ್ಲಿ ಬೇಟೆಗಾರ ಬಲೆ ಒಡ್ಡಿದ್ದಾನೆ, ಮರಿಗಳನ್ನು ಅಲ್ಲಿಗೆ ಬಿಡಬೇಡ" ಎಂದು ನೆರೆಯ ಆಮೆ ಕಳಿಸಿದ ಈಮೇಲ್ ಅಡಿಯಲ್ಲೆಲ್ಲೋ ಹೂತುಹೋಯಿತು. ಎಲ್ಲರಿಗೂ ಉತ್ತರಿಸುವವಳು ತನಗೆ ಉತ್ತರಿಸಲಿಲ್ಲವಲ್ಲ ಎಂದು ಗಾಬರಿಯಾಗಿ ಆಮೆಯೇ ತೆವಳಿಕೊಂಡು ಬಂತು. ಮರಿಗಳು ಕೂದಲೆಳೆಯ ಅಂತರದಲ್ಲಿ ಉಳಿದವು.

"ಆಮೆಯಣ್ಣ, ಬೇಡವೆಂದು ಇಷ್ಟು ಖಂಡಿತವಾಗಿ ಹೇಳಿದರೂ ಇವರಿಗೆ ಅರ್ಥವಾಗುವುದಿಲ್ಲವೇ?"

"ಚೆನ್ನಾಗಿ ಅರ್ಥವಾಗಿದೆ, ತಂಗಿ. ನರಿ ಕಂಡ ಕಂಡ ಪೊದೆಗೆಲ್ಲ ಕೂಗುತ್ತಾನೆ. ಯಾವ ಪೊದೆಯಲ್ಲಿ ಹಕ್ಕಿಯಿದೆ ಎಂದು ಅವನಿಗೇನು ಗೊತ್ತು? ನೀನು ಬೈದೆ, ಗೊತ್ತಾಯಿತು. ಗೆಳೆಯರಿಗೂ ಹೇಳಿದ. ನನಗೂ ಅದೇ ಈಮೇಲ್ ಬಂದಿತ್ತು. ಸ್ಪ್ಯಾಮ್‌ಗೆ ತಳ್ಳಿ ತಲೆ ಒಳಗೆಳೆದುಕೊಂಡೆ."

ಹಕ್ಕಿ ಹೊಸ ವಿಳಾಸ ಮಾಡಿಕೊಂಡು ಬಂಧುಬಳಗಕ್ಕೆ ಮಾತ್ರ ಕೊಟ್ಟಿತು. ಒಂದು ದಿನ ನರಿಯ ಕೂಗು ಹೇಗೋ ಅಲ್ಲಿಗೂ ಬಂತು: "ಯಾರಾದರೂ ಇದ್ದೀರಾ?"

ಹಕ್ಕಿಯ ಕೊಕ್ಕು ತುರಿಸಿತು. ಆದರೂ ಅದನ್ನು ಸ್ಪ್ಯಾಮ್‌ಗೆ ತಳ್ಳಿ, ಮರಿಗಳಿಗೆ ಹುಳ ಹೆಕ್ಕಲು ಹೊರಟಿತು.

ನರಿ ಕಾದು ಕಾದು, "ಇಲ್ಲಿ ಯಾರೂ ಇಲ್ಲ" ಎಂದು ಮುಂದಿನ ಪೊದೆಗೆ ಹೋಯಿತು.