ಇನ್ನೂರು ಕಿಲೋ ಎತ್ತಿದ ಗಿರಣಿಯವನು

“ಅಜ್ಜನವರೇ, ಊರಾಚೆ ಒಂದು ಕುಟೀರ ಕಟ್ಟಿಕೊಳ್ಳಲು ನನಗೆ ಅಪ್ಪಣೆ ಕೊಡುತ್ತೀರಾ?” ಎಂದು ಮಡಿವಾಳಯ್ಯ ಕೇಳಿದ.

ಅವನು ಅಜ್ಜನವರ ಮಠಕ್ಕೆ ಶಿಷ್ಯನಾಗಿ ಬಂದು ಒಂದೂವರೆ ವರ್ಷವಾಗಿತ್ತು. ಇದು ಅವನ ಮೂರನೆಯ ಮಠ. ಮೊದಲನೆಯದರಲ್ಲಿ ಪ್ರಸಾದ ನಿಲಯದ ಹುಡುಗರ ಗದ್ದಲ. ಎರಡನೆಯದರಲ್ಲಿ ದಾಸೋಹದ ಪಾತ್ರೆಗಳ ಸದ್ದು. ಇಲ್ಲಿ ಭಕ್ತರು ಹೊತ್ತುಗೊತ್ತಿಲ್ಲದೆ ಬರುತ್ತಾರೆ, ಅಜ್ಜನವರು ಯಾರಿಗೂ ಆಮೇಲೆ ಬಾ ಎನ್ನುವುದಿಲ್ಲ. ಹೀಗಾಗಿ ಎಲ್ಲಿ ಕುಳಿತರೂ ಅವನಿಗೆ ಧ್ಯಾನ ಕೈಗೂಡಿರಲಿಲ್ಲ. ಈಗ ಒಬ್ಬ ಭಕ್ತ ಕಾಲುವೆಯ ಆಚೆ ಎರಡು ಗುಂಟೆ ಜಾಗ ಬಿಟ್ಟುಕೊಡುತ್ತೇನೆ ಎಂದಿದ್ದ.

“ಕುಟೀರದಲ್ಲಿ ಮನಸ್ಸು ನಿಲ್ಲುತ್ತದೆಯೇ?” ಎಂದರು ಅಜ್ಜನವರು.

“ನಿಲ್ಲುತ್ತದೆ. ಅಲ್ಲಿ ಎಲ್ಲವೂ ನನಗೆ ಬೇಕಾದ ಹಾಗೆ ಇರುತ್ತದೆ.”

“ಹಾಗಾದರೆ ಕೂತುಕೋ. ಒಂದು ಕತೆ ಹೇಳುತ್ತೇನೆ. ಇದು ಯಾವ ಪುರಾಣದಲ್ಲೂ ಇಲ್ಲ, ಹುಡುಕಲು ಹೋಗಬೇಡ. ನಡುವೆ ಬಾಯಿ ಹಾಕಬೇಡ” ಎಂದು ಅಜ್ಜನವರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನಿಗೆ ಭಾರ ಎತ್ತುವ ಹುಚ್ಚು. ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಒಂದು ಕಬ್ಬಿಣದ ರಾಡು, ಅದರ ಎರಡು ತುದಿಗೆ ಹಾಕುವ ಪ್ಲೇಟುಗಳು, ಒಂದು ಬೆಂಚು ಇಟ್ಟುಕೊಂಡು ಹದಿನಾಲ್ಕು ವರ್ಷ ಸಾಧನೆ ಮಾಡಿದ್ದ. ಊರಿನ ಹತ್ತಾರು ಜನ ಅವನ ಹತ್ತಿರ ಕಲಿತಿದ್ದರು. ಕೆಲಸಗಾರ, ಒಳ್ಳೆಯವನು, ಯಾರಿಗೂ ಕೇಡು ಬಗೆದವನಲ್ಲ. ಕುಳಿತಲ್ಲಿ ಕೂರುವವನೂ ಅಲ್ಲ.

ಭಾರ ಎತ್ತುವ ಪಂದ್ಯದಲ್ಲಿ ಮೂರು ಬಗೆಯಿದೆ. ಕೊನೆಯದನ್ನು ಮಾತ್ರ ನೀನು ತಿಳಿದುಕೊಂಡರೆ ಸಾಕು. ನೆಲದ ಮೇಲಿನ ರಾಡನ್ನು ಎರಡು ಕೈಯಲ್ಲಿ ಹಿಡಿದು ಎತ್ತಬೇಕು. ಮಂಡಿ ನೆಟ್ಟಗಾಗಬೇಕು, ಹೆಗಲು ಹಿಂದಕ್ಕೆ ಹೋಗಬೇಕು. ಹಾಗೆಯೇ ಅಲ್ಲಾಡದೆ ನಿಲ್ಲಬೇಕು. ಎದುರಿಗೆ ಕುಳಿತ ತೀರ್ಪುಗಾರ ನೋಡುತ್ತಾನೆ, ಕೈ ಕೆಳಗೆ ಮಾಡಿ ‘ಇಳಿಸು’ ಎನ್ನುತ್ತಾನೆ. ಆಮೇಲೆಯೇ ಇಳಿಸಬೇಕು. ಅವನು ಹೇಳುವ ಮುಂಚೆ ಇಳಿಸಿದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಹೆಚ್ಚೆಂದರೆ ಎರಡು ಉಸಿರಿನ ಹೊತ್ತು, ಅಷ್ಟೇ.

ಗಿರಣಿಯವನು ತನ್ನ ಶೆಡ್ಡಿನಲ್ಲಿ ಪ್ರತಿ ಗುರುವಾರ ಇನ್ನೂರು ಕಿಲೋ ಎತ್ತುತ್ತಿದ್ದ. ಸಾಕೆನಿಸಿದಾಗ ಇಳಿಸುತ್ತಿದ್ದ. ಅಲ್ಲಿ ಇಳಿಸು ಎನ್ನುವವರು ಯಾರೂ ಇರಲಿಲ್ಲ. ಆದರೆ ಪಂದ್ಯದಲ್ಲಿ ಅವನಿಗೆ ಇನ್ನೂರು ಒಮ್ಮೆಯೂ ದಕ್ಕಿರಲಿಲ್ಲ. ಒಂದು ಊರಿಗೆ ಹೋದ, ಎತ್ತಿದ, ಕೈ ಮಾಡುವ ಮುಂಚೆ ಇಳಿಸಿದ. ರಾಡು ಸೊಟ್ಟಗಿತ್ತು, ಕೈ ಜಾರಿತು ಎಂದ. ಇನ್ನೊಂದು ಊರಿನಲ್ಲಿ ಮೈಕಿನವರು ಹಾಡು ಹಾಕಿದ್ದರು, ಏನು ಹೇಳಿದರೋ ಕೇಳಿಸಲಿಲ್ಲ ಎಂದ. ಮೂರನೆಯ ಊರಿನಲ್ಲಿ ತೀರ್ಪುಗಾರ ಮುದುಕ, ಅವನು ಕೈ ಇಳಿಸುವಷ್ಟರಲ್ಲಿ ಊಟದ ಹೊತ್ತಾಗುತ್ತದೆ ಎಂದ. ಮೂರೂ ಕಡೆ ನಡೆಸುವವರನ್ನು ನಿಲ್ಲಿಸಿಕೊಂಡು ಬೈದು ಬಂದ. ಜೋಳ ಬೀಸಿಸಲು ಗಿರಣಿಗೆ ಹೋದವರು ಹಿಟ್ಟಿನ ಜೊತೆ ಆ ಮೂರು ಊರಿನ ಕತೆಯನ್ನೂ ಹೊತ್ತುಕೊಂಡು ಬರಬೇಕಾಗಿತ್ತು.

ಯಾಕೆ ನಗುತ್ತೀ? ನಾನಿನ್ನೂ ನಗುವಂಥದ್ದು ಏನೂ ಹೇಳಿಲ್ಲ.

ಅವನಿಗೆ ಐವತ್ತು ತುಂಬಲು ಬಂತು. ಸೊಂಟದಲ್ಲಿ ನೋವು ಶುರುವಾಯಿತು. ಈ ವರ್ಷ ಎತ್ತಿ ಮುಗಿಸಿ, ಮುಂದಿನ ವರ್ಷ ರಾಡು ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಹೇಳಿದರು. ಅವನಿಗೆ ಬಂಗಾರದ ಪದಕ ಬೇಕಿರಲಿಲ್ಲ. ಪಂದ್ಯದ ಹಾಳೆಯಲ್ಲಿ ತನ್ನ ಹೆಸರಿನ ಮುಂದೆ ಒಂದೇ ಒಂದು ಸಲ ಇನ್ನೂರು ಎಂದು ಬರೆದಿರಬೇಕು. ಅದಿಲ್ಲದೆ ಹದಿನಾಲ್ಕು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗೆ ಎಂದು ಅವನಿಗೆ ಅನ್ನಿಸುತ್ತಿತ್ತು. ನಿದ್ದೆಯಲ್ಲೂ ಅವನ ಕೈ ಮುಷ್ಟಿ ಕಟ್ಟುತ್ತಿತ್ತು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಕೊನೆಗೆ ಅವನು ಒಂದು ತೀರ್ಮಾನಕ್ಕೆ ಬಂದ. ಪಂದ್ಯವನ್ನು ನಾನೇ ನಡೆಸುತ್ತೇನೆ, ನನ್ನ ಶೆಡ್ಡಿನಲ್ಲಿಯೇ ನಡೆಸುತ್ತೇನೆ. ರಾಡು ನೆಟ್ಟಗಿರುತ್ತದೆ, ಹಾಡು ಇರುವುದಿಲ್ಲ, ಚುರುಕಾದ ತೀರ್ಪುಗಾರರನ್ನು ಹೊರಗಿನಿಂದ ಕರೆಸುತ್ತೇನೆ. ಆಗ ಇನ್ನೂರು ಹೇಗೆ ದಕ್ಕುವುದಿಲ್ಲವೋ ನೋಡಿಯೇ ಬಿಡುತ್ತೇನೆ.

ಆರು ಊರಿಗೆ ಹೇಳಿಕಳಿಸಿದ. ಬ್ಯಾನರು ಬರೆಸಿದ. ನೆಲಕ್ಕೆ ದಪ್ಪ ಹಲಗೆ ಹೊಡೆಸಿದ. ಬಟ್ಟೆ ಅಂಗಡಿಯ ಒಬ್ಬ ವ್ಯಾಪಾರಿ ಬಹುಮಾನದ ಕಪ್ಪು ಕೊಡಲು ಒಪ್ಪಿದ, ಅವನನ್ನೇ ಮುಖ್ಯ ಅತಿಥಿ ಮಾಡಿದ. ನಿಯಮಗಳನ್ನು ತಾನೇ ಹಲಗೆಯ ಮೇಲೆ ಬರೆದು ತೂಗುಹಾಕಿದ. ಒಬ್ಬೊಬ್ಬರಿಗೆ ಮೂರು ಅವಕಾಶ. ಹೆಸರು ಕೂಗಿದ ಒಂದು ನಿಮಿಷದೊಳಗೆ ಬಂದು ರಾಡು ಹಿಡಿಯದಿದ್ದರೆ ಆ ಅವಕಾಶ ಹೋಯಿತು. ಬೇರೆ ಊರಿನವರು ಇದರಲ್ಲಿ ಸಡಿಲ ಬಿಡುತ್ತಾರೆ, ಇಲ್ಲಿ ಬಿಡುವುದಿಲ್ಲ ಎಂದು ಹೇಳಿಕೊಂಡ.

ಪಂದ್ಯದ ದಿನ ಬೆಳಿಗ್ಗೆಯಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತೂಕದ ಯಂತ್ರ ಇಟ್ಟ ಜಾಗ ಸರಿಯಿಲ್ಲ ಎಂದು ಎರಡು ಸಲ ಎತ್ತಿ ಬೇರೆ ಕಡೆ ಇಟ್ಟ, ಮೂರನೆಯ ಸಲ ಮೊದಲಿನ ಜಾಗಕ್ಕೇ ತಂದಿಟ್ಟ. ಮೈಕು ಹಿಡಿಯಲು ಒಬ್ಬ ಮಾಸ್ತರನ್ನು ಕರೆದಿದ್ದ. ಅವರು ಎರಡು ಮಾತು ಆಡುವಷ್ಟರಲ್ಲಿ ಮೈಕು ಕಿತ್ತುಕೊಂಡು ತಾನೇ ಹೇಳಿದ, ಆಮೇಲೆ ಕ್ಷಮೆ ಕೇಳಿ ಕೊಟ್ಟ. ನೆಲದ ಹಲಗೆಯ ಮೊಳೆ ಎದ್ದಿದೆಯೇ ಎಂದು ಬಗ್ಗಿ ಸವರಿ ನೋಡಿದ. ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ರುಚಿ ನೋಡಿದ.

ಹೆಂಡತಿ ಅವನ ಕೈಯಿಂದ ಮುಚ್ಚಳ ಕಸಿದುಕೊಂಡಳು. “ನೀವು ಈವತ್ತು ಭಾರ ಎತ್ತುವವರೋ, ಉಪ್ಪಿಟ್ಟು ಮಾಡುವವರೋ? ಒಂದು ಹೇಳಿ. ಇನ್ನೊಂದನ್ನು ನಾನು ಮಾಡುತ್ತೇನೆ” ಎಂದಳು.

“ಎತ್ತುವವನೇ” ಎಂದ ಅವನು. “ಆದರೆ ಉಪ್ಪು ಸ್ವಲ್ಪ ಕಡಿಮೆಯಾಗಿದೆ.”

ಮಧ್ಯಾಹ್ನದ ಹೊತ್ತಿಗೆ ಕೊನೆಯ ಬಗೆ ಶುರುವಾಯಿತು. ಮೊದಲ ಅವಕಾಶಕ್ಕೆ ಅವನು ನೂರ ಎಂಬತ್ತು ಹೇಳಿದ್ದ. ಎತ್ತಿದ, ನಿಂತ, ‘ಇಳಿಸು’ ಎಂದಾಗ ಇಳಿಸಿದ. ಸರಿ ಎಂದು ಮೂವರು ತೀರ್ಪುಗಾರರ ಮೂರು ಬಿಳಿ ದೀಪ ಹತ್ತಿದವು. ಅದರ ಮೇಲೆ ಅವನಿಗೆ ಆಸೆ ಇರಲಿಲ್ಲ ನೋಡು, ಅದಕ್ಕೇ ನಿಂತ. ಎರಡನೆಯದಕ್ಕೆ ಇನ್ನೂರು ಬರೆಸಿದ.

ಸರದಿ ಬರುವವರೆಗೆ ಒಂದು ಕಡೆ ಕುಳಿತುಕೊಳ್ಳಬಹುದಿತ್ತು. ಉಳಿದವರೆಲ್ಲ ಹಾಗೆಯೇ ಮಾಡುತ್ತಿದ್ದರು. ಗೋಡೆಯ ಪಕ್ಕ ಒಬ್ಬ ಹಮಾಲ, ಅವನೂ ಪಂದ್ಯಕ್ಕೆ ಬಂದವನೇ, ಮುಖದ ಮೇಲೆ ಟವೆಲು ಹಾಕಿಕೊಂಡು ಮಲಗಿದ್ದ. ಗಿರಣಿಯವನು ಅವನ ಭುಜ ಅಲ್ಲಾಡಿಸಿ, “ನಿಮಗೆ ಏನಾದರೂ ಕೊರತೆ ಆಗಿದೆಯೇ?” ಎಂದು ಕೇಳಿದ.

ಹಮಾಲ ಟವೆಲು ಸರಿಸಿ, “ಈ ಫ್ಯಾನು ತಿರುಗುತ್ತಿಲ್ಲ. ಇರಲಿ ಬಿಡಿ, ನಿದ್ದೆ ಬಂದಿತ್ತು” ಎಂದ.

ಇರಲಿ ಬಿಡಿ ಎಂದರೆ ಅವನಿಗೆ ಬಿಡಲು ಆದೀತೇ? ಇವನು ತನ್ನ ಊರಿಗೆ ಹೋಗಿ ಅಲ್ಲಿ ಫ್ಯಾನು ಕೂಡ ತಿರುಗುತ್ತಿರಲಿಲ್ಲ ಎಂದು ಹೇಳುತ್ತಾನೆ ಎಂದುಕೊಂಡ. ಏಣಿ ತಂದ, ಹತ್ತಿದ, ಫ್ಯಾನಿನ ವೈರು ಬಿಚ್ಚಿದ. ಹಮಾಲನ ಸರದಿ ಬಂದು, ಅವನು ಎದ್ದು ಹೋಗಿ ಎತ್ತಿ ಬಂದು ಮತ್ತೆ ಮಲಗಿದ. ಗಿರಣಿಯವನು ಇನ್ನೂ ಏಣಿಯ ಮೇಲೆಯೇ ಇದ್ದ. ಅವನ ಹೆಸರು ಕೂಗಿದಾಗ ಒಂದು ತಿರುಪು ಬಾಕಿ ಇತ್ತು, ಅದನ್ನು ಮುಗಿಸಿಯೇ ಇಳಿದು ಓಡಿದ. ರಾಡಿನ ಹತ್ತಿರ ಬರುವಷ್ಟರಲ್ಲಿ ಒಂದು ನಿಮಿಷ ಆಗಿಹೋಗಿತ್ತು. ಆ ಅವಕಾಶ ಹೋಯಿತು. ನಿಯಮದ ಹಲಗೆ ಬರೆದವನು ಅವನೇ ಅಲ್ಲವೇ, ಯಾರ ಹತ್ತಿರ ಜಗಳಕ್ಕೆ ಹೋಗುತ್ತಾನೆ? ಫ್ಯಾನು ಮಾತ್ರ ಚೆನ್ನಾಗಿ ತಿರುಗುತ್ತಿತ್ತು.

ಇನ್ನು ಒಂದೇ ಅವಕಾಶ. ಹೆಂಡತಿ ಬಂದು ಅವನ ರಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಎದುರಿಗೇ ನಿಂತುಕೊಂಡಳು. ಕೂತಲ್ಲಿಂದಲೇ ಅವನು ಬಾಗಿಲು ನೋಡಿದ, ಮೈಕು ನೋಡಿದ, ತೀರ್ಪುಗಾರರಿಗೆ ನೀರು ಕೊಟ್ಟಿದ್ದಾರೆಯೇ ಎಂದು ನೋಡಿದ. ಹೆಸರು ಕೂಗಿದರು. ಈ ಸಲ ಎದ್ದವನೇ ನೇರವಾಗಿ ಹೋಗಿ ರಾಡು ಹಿಡಿದ.

ಎತ್ತಿದ. ಮಹರಾಯ, ಹೇಗೆ ಎತ್ತಿದ ಎನ್ನುತ್ತೀ. ರಾಡು ಮಂಡಿ ದಾಟುವಾಗ ಒಂದು ಗಳಿಗೆ ತಡೆಯಿತು, ಅವನ ಕುತ್ತಿಗೆಯ ನರ ಉಬ್ಬಿತು, ಶೆಡ್ಡಿನಲ್ಲಿದ್ದವರೆಲ್ಲ ಎದ್ದು ನಿಂತರು. ಮೇಲೆ ಬಂತು. ಮಂಡಿ ನೆಟ್ಟಗಾಯಿತು, ಹೆಗಲು ಹಿಂದಕ್ಕೆ ಹೋಯಿತು. ಹದಿನಾಲ್ಕು ವರ್ಷದ ಇನ್ನೂರು ಕಿಲೋ ಅವನ ಕೈಯಲ್ಲಿತ್ತು. ಇನ್ನು ಎರಡು ಉಸಿರು ನಿಂತರೆ ಸಾಕು.

ಅಷ್ಟರಲ್ಲಿ ಬಾಗಿಲಿಗೆ ಮುಖ್ಯ ಅತಿಥಿ ಬಂದ. ಹತ್ತು ಗಂಟೆಗೆ ಬರಬೇಕಾಗಿದ್ದವನು ಆಗ ಬಂದಿದ್ದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟು ಅತ್ತಿತ್ತ ನೋಡಿದ. ಎಲ್ಲರೂ ಅವನಿಗೆ ಬೆನ್ನು ಹಾಕಿ ರಾಡು ನೋಡುತ್ತಿದ್ದರು. ಅವನನ್ನು ಬನ್ನಿ ಎನ್ನುವವರೇ ಇರಲಿಲ್ಲ. ಅವನನ್ನು ನೋಡಿದವನು ಒಬ್ಬನೇ.

“ಬನ್ನಿ, ಬನ್ನಿ” ಎಂದ ಗಿರಣಿಯವನು. ರಾಡು ಕೆಳಗಿಟ್ಟ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ.

ಮೂರು ಕೆಂಪು ದೀಪ ಹತ್ತಿದವು. ಅತಿಥಿಗೆ ಮಾತ್ರ ಬಹಳ ಸಂತೋಷವಾಯಿತು. ಎಂಥ ವಿನಯವಂತ ಎಂದು ಪಕ್ಕದವರಿಗೆ ಹೇಳಿದ.

ಗಿರಣಿಯವನು ದೀಪ ನೋಡಿದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಎದುರಿಗೆ ಕುಳಿತ ತೀರ್ಪುಗಾರನ ಕುರ್ಚಿಯ ಹತ್ತಿರ ಹೋಗಿ, “ನಾನು ಎತ್ತಿದ್ದನ್ನು ಇಷ್ಟು ಜನ ನೋಡಿದ್ದಾರೆ” ಎಂದ.

“ಎತ್ತಿದ್ದನ್ನು ನಾನೂ ನೋಡಿದೆ” ಎಂದ ತೀರ್ಪುಗಾರ. “ನಿಲ್ಲುವುದನ್ನು ನೋಡೋಣ ಎಂದು ಕಾಯುತ್ತಿದ್ದೆ.”

ಗಿರಣಿಯವನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದರೆ ಏನು ಮಾಡಬೇಕು ಎಂಬುದು ಅವನ ನಾಲಿಗೆಗೆ ಚೆನ್ನಾಗಿ ಗೊತ್ತಿತ್ತು. ಜನರ ಕಡೆ ತಿರುಗಿ, “ಇದನ್ನು ನಡೆಸುತ್ತಿರುವವನು ಯಾರು? ಒಬ್ಬ ಭಾರ ಎತ್ತುವಾಗ ಅತಿಥಿಯನ್ನು ಒಳಗೆ ಬಿಡುತ್ತಾರೆಯೇ? ಒಂದು ವ್ಯವಸ್ಥೆ ಬೇಡವೇ? ಕರೆಯಿರಿ ಅವನನ್ನು ಇಲ್ಲಿಗೆ” ಎಂದು ಕೂಗಿದ.

ಯಾರೂ ಬರಲಿಲ್ಲ. ಒಬ್ಬಿಬ್ಬರು ನಕ್ಕರು. ಕೆಲವರು ಅವನ ಬೆನ್ನ ಹಿಂದಿನ ಬ್ಯಾನರಿನ ಕಡೆ ನೋಡಿದರು. ಅವನೂ ತಿರುಗಿ ನೋಡಿದ. ಅಲ್ಲಿ ನಡೆಸುವವನ ಹೆಸರು ದೊಡ್ಡದಾಗಿ ಬರೆದಿತ್ತು.

ಅವನು ಬಹಳ ಹೊತ್ತು ಹಾಗೆಯೇ ನಿಂತಿದ್ದ. ಅಳು ಬಂತು, ತಡೆದುಕೊಳ್ಳಲಿಲ್ಲ. ಆಮೇಲೆ ಮುಖ ಒರೆಸಿಕೊಂಡು ಅತಿಥಿಗೆ ಹಾರ ಹಾಕಿದ, ಗೆದ್ದವರಿಗೆ ಕಪ್ಪು ಕೊಡಿಸಿದ, ಎಲ್ಲರನ್ನೂ ಊಟ ಮಾಡಿಸಿ ಕಳಿಸಿದ. ಬಂದವರೆಲ್ಲ ಇಷ್ಟು ಅಚ್ಚುಕಟ್ಟಾದ ಪಂದ್ಯ ನಾವು ಎಲ್ಲೂ ನೋಡಿಲ್ಲ ಎಂದು ಹೇಳಿ ಹೋದರು. ಮರುದಿನ ಗಿರಣಿಗೆ ಜೋಳ ತಂದವರು ಅವನು ಏನು ಹೇಳುತ್ತಾನೋ ಎಂದು ಕಾದರು. ಅವನು ಹಿಟ್ಟು ಬೀಸಿಕೊಟ್ಟ, ಬೇರೇನೂ ಹೇಳಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು.

ಮಡಿವಾಳಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. “ಪಾಪ, ಅಜ್ಜನವರೇ. ಆದರೆ ಅವನು ಆರು ಊರಿನವರನ್ನು ಮನೆಗೆ ಕರೆದ. ನಾನು ಯಾರನ್ನೂ ಕರೆಯುವುದಿಲ್ಲ. ನನ್ನ ಕುಟೀರದಲ್ಲಿ ನಾನೊಬ್ಬನೇ ಇರುತ್ತೇನೆ” ಎಂದ.

“ಆಗಲಿ, ಕಟ್ಟಿಕೋ” ಎಂದರು ಅಜ್ಜನವರು. “ಅಲ್ಲಿಯೂ ಮನಸ್ಸು ನಿಲ್ಲದಿದ್ದರೆ ಯಾರನ್ನು ಬೈಯುತ್ತೀ?”