ಬಾಣಂತಿ ಗುಡ್ಡ

ಬಂದರಿನ ಪೇಟೆಯಿಂದ ತೆಂಕಕ್ಕೆ ಹೊರಟು ಮೀನು ಒಣಹಾಕುವ ಬಯಲು ದಾಟಿದ ಕೂಡಲೇ ಕಡಲಿಗೆ ಮುಖಮಾಡಿ ನಿಂತಿರುವುದೇ ಬಾಣಂತಿ ಗುಡ್ಡ. ಬೆಳಗಿನ ವಾಕಿಂಗಿನವರಿಗೂ ದುರ್ಬೀನು ಹಿಡಿದ ಹಕ್ಕಿಪ್ರಿಯರಿಗೂ ಅಚ್ಚುಮೆಚ್ಚಿನ ಜಾಗ. ಯಾರೋ ಹೆಂಗಸು ಹೆರಿಗೆಯಲ್ಲಿ ತೀರಿಕೊಂಡಳಂತೆ ಎಂದು ಹೊರಗಿನವರು ಕೈಮುಗಿಯುವುದೂ ಉಂಟು. ಪಾಪ, ಮುಗಿಯಲಿ, ಆದರೆ ಇಲ್ಲಿನ ಬಾಣಂತಿ ಹೆಂಗಸೇ ಅಲ್ಲ.

ಹಿಂದೆ ಒಮ್ಮೆ, ಪೇಟೆಯೆಂದರೆ ನಾಲ್ಕು ಸೋಗೆಮನೆಗಳಿದ್ದ ಕಾಲದಲ್ಲಿ, ಗುಡ್ಡದ ಬುಡದಲ್ಲಿ ಬುದವಂತಿ ಎಂಬ ಸೂಲಗಿತ್ತಿ ಇದ್ದಳು. ಊರ ಮಕ್ಕಳೆಲ್ಲ ಅವಳ ಕೈಮೇಲೆ ಭೂಮಿಗೆ ಬಂದವರೇ. ಅವಳ ಒಬ್ಬಳೇ ಮಗಳು ಹೆತ್ತು ಮಲಗಿದವಳು ಸೊಂಟ ಹಿಡಿದುಕೊಂಡು ಏಳಲಾರದೆ ಹೋದಳು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಕೊಬ್ಬು ಕಾಯಿಸಿ ತಿಕ್ಕಿದರೆ ವಾಸಿಯಾದೀತೆಂದು ಬುದವಂತಿಯೇ ಅಳಿಯ ಬೊಮ್ಮನನ್ನು ಗುಡ್ಡಕ್ಕೆ ಅಟ್ಟಿದಳು. ಅವನು ಗಂಡುಹಕ್ಕಿಯೊಂದನ್ನು ಹೊಡೆದು ತಂದ. ಕುಯ್ಯಲು ಕೂತ ಬುದವಂತಿಯ ಕೈ ಅಲ್ಲೇ ನಿಂತಿತು. ಹಕ್ಕಿಯ ಗಂಟಲ ತುಂಬ ಗೋಳಿಹಣ್ಣು, ಒಂದಕ್ಕೂ ಗಾಯವಿಲ್ಲ. ಹೆಣ್ಣು ಮಂಗಟ್ಟೆ ಮರದ ಪೊಟರೆಯಲ್ಲಿ ಕೂತು, ಪೊಟರೆಗೆ ಮಣ್ಣು ಮೆತ್ತಿ, ಕೊಕ್ಕು ಚಾಚುವಷ್ಟೇ ಸಂದು ಬಿಟ್ಟುಕೊಂಡು, ಮರಿ ಬಲಿಯುವವರೆಗೆ ಗಂಡ ತಂದದ್ದನ್ನೇ ಉಣ್ಣುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. "ಅಯ್ಯೋ ನನ್ನ ಕರ್ಮವೇ! ಒಬ್ಬ ಬಾಣಂತಿಗಾಗಿ ಇನ್ನೊಬ್ಬಳ ಅನ್ನ ಕಿತ್ತೆನಲ್ಲ!" ಎಂದು ಗೋಳೋ ಎಂದು ಅತ್ತಳು. ಹಕ್ಕಿಯನ್ನು ಮಣ್ಣುಮಾಡಿ, ಹಣ್ಣನ್ನು ಬುಟ್ಟಿಗೆ ಹಾಕಿ ಅಳಿಯನ ಕೈಗಿತ್ತಳು. "ನಡಿ ಮಾರಾಯ, ಇನ್ನು ಎರಡು ಬಾಣಂತನ ನಿನ್ನ ತಲೆಮೇಲೆ."

ಬೊಮ್ಮ ಮಣ್ಣು ಮೆತ್ತಿದ ಪೊಟರೆಯ ಮರ ಹುಡುಕಿ, ಹತ್ತಿ ಹಣ್ಣು ಹಿಡಿದರೆ ಒಳಗಿನ ಕೊಕ್ಕು ಹಿಂದೆ ಸರಿಯಿತು. ಮರುದಿನವೂ ಅಷ್ಟೇ. ಮರಿಯ ಕೂಗು ಕ್ಷೀಣವಾಗುತ್ತ ಬಂತು. ಮಣ್ಣು ಒಡೆದೇ ಬಿಡುತ್ತೇನೆ ಎಂದ ಅವನನ್ನು ಬುದವಂತಿ ಕೆಳಗಿನಿಂದಲೇ ಗದರಿದಳು: "ಗರಿ ಉದುರಿಸಿಕೊಂಡು ಕೂತ ಹಸಿ ಬಾಣಂತಿ ಅವಳು, ಹೊರಗೆ ದಬ್ಬುತ್ತೀಯಾ? ಬಾಣಂತಿ ಕೋಣೆಗೆ ಗಂಡಸರು ಹೀಗೆ ಇಣುಕುತ್ತಾರೇನೋ? ಮುಖ ಆಚೆ ಮಾಡು!" ಬೊಮ್ಮ ನಾಚಿ ಕಡಲ ಕಡೆ ತಿರುಗಿ, ಕೈ ಮಾತ್ರ ಚಾಚಿದ. ಬಹಳ ಹೊತ್ತಿನ ಮೇಲೆ ಅವನ ಬೆರಳು ಹಗುರಾಯಿತು. "ಅತ್ತೇ, ತಿಂದಳು!" ಎಂದು ಮರದ ಮೇಲೆಯೇ ಅತ್ತುಬಿಟ್ಟ ಎನ್ನುತ್ತಾರೆ. ಮಳೆಗಾಲ ಹಿಡಿಯುವ ಮುನ್ನ ತಾಯಿ, ಮರಿ ಎರಡೂ ಹಾರಿದವು. ಮಗಳ ಸೊಂಟವೋ, ಬರೀ ಬಿಸಿನೀರಿನ ಶಾಖಕ್ಕೇ ಸರಿಹೋಯಿತು, ನೋಡಿ! ಬುದವಂತಿ ಆಮೇಲೆ ಯಾವ ಮನೆಯಲ್ಲೂ ಆ ಮದ್ದಿನ ಹೆಸರೆತ್ತಲಿಲ್ಲ.

ಇಂದಿಗೂ ಬೇಸಿಗೆಯಲ್ಲಿ ಹೋದರೆ ಗುಡ್ಡದ ಹಳೆಯ ತಾರೆಮರದ ಪೊಟರೆಯ ಸಂದಿನಲ್ಲಿ ಹಳದಿ ಕೊಕ್ಕಿನ ತುದಿ ಕಾಣುತ್ತದೆ. ನೋಡುವವರು ದೂರ ನಿಂತು ದನಿ ತಗ್ಗಿಸುತ್ತಾರೆ. ಮನೆಯಲ್ಲಿ ಬಾಣಂತಿ ಇರುವ ಗಂಡಸರು ಮಾತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ; ಪೇಟೆಯಲ್ಲಿ ಅವಳಿಗೆ ಇಷ್ಟವಾದದ್ದೇನಾದರೂ ಕೊಂಡು ಬೇಗ ಮನೆಗೆ ಹೋಗುತ್ತಾರೆ.